ಐದು ಮೂವತ್ತೆರಡರ ಬಿಸಿಲು

ಸೇಡಂ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಗೂ ಒಂದು ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ರೋಷನ್ ಸ್ಟುಡಿಯೋದಲ್ಲಿ ಫರೀದಾ ಇಪ್ಪತ್ತೇಳು ವರ್ಷಗಳಿಂದ ಜನರಿಗೆ ನಗಬೇಡಿ ಎಂದು ಹೇಳುತ್ತಾ ಬಂದಿದ್ದಾಳೆ. ಪಾಸ್‌ಪೋರ್ಟ್ ಫೋಟೋದ ಕಾನೂನೇ ಹಾಗೆ. ಹಲ್ಲು ಕಾಣಬಾರದು, ಎರಡೂ ಕಿವಿ ಕಾಣಬೇಕು, ಬೆನ್ನ ಹಿಂದೆ ಬಿಳಿ ಪರದೆ ಬಿಟ್ಟು ಬೇರೇನೂ ಇರಕೂಡದು. "ಗದ್ದ ಮ್ಯಾಲ ಮಾಡ್ರಿ. ಅಷ್ಟ್ ಬ್ಯಾಡ. ಹಾಂ. ನಗಬ್ಯಾಡ್ರಿ." ನಗಬೇಡಿ ಅಂದ ಕೂಡಲೇ ನಗು ಬರುವುದು ಮನುಷ್ಯರ ಜಾಯಮಾನ. ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಗಂಟುಮೋರೆ ಹಾಕಿಕೊಂಡು ಬಂದ ಮುದುಕರೂ ಆ ಸ್ಟೂಲಿನ ಮೇಲೆ ಕೂತ ಮೇಲೆ ಬೊಚ್ಚು ಬಾಯಿ ಬಿಡುತ್ತಾರೆ. ಫರೀದಾ ಮಾತ್ರ ನಗದೆ ಕಾಯುತ್ತಾಳೆ. ಆಕೆಯ ಅಬ್ಬಾ ಕಟ್ಟಿದ ಅಂಗಡಿ ಅದು. ಕಾಯುವುದನ್ನೂ ಅವರಿಂದಲೇ ಕಲಿತದ್ದು.

ಆರು ದಿನ ಹೀಗೆ ಮುಖಗಳು. ಶುಕ್ರವಾರ ಸ್ಟುಡಿಯೋಕ್ಕೆ ರಜೆ. ಆ ದಿನ ಫರೀದಾ ಮುಖ ಎಂಬುದನ್ನು ಕಣ್ಣೆತ್ತಿಯೂ ನೋಡಲೊಲ್ಲಳು. ಗಂಡನ ಸ್ಕೂಟರಿನ ಹಿಂದೆ ಕೂತು ಊರು ದಾಟುತ್ತಾಳೆ. ಹೊಲ, ಗುಡ್ಡ, ಕೆರೆ, ಮೋಡ, ಅವುಗಳ ಮೇಲೆ ಬೀಳುವ ಬಿಸಿಲು, ಇಷ್ಟರದೇ ಫೋಟೋ. ನಡುವೆ ಒಬ್ಬ ದನ ಕಾಯುವವನು ಬಂದರೂ ಆತ ದಾಟಿ ಹೋಗುವ ತನಕ ಕಾಯುವುದು. ಆತ ಬೀಡಿ ಹಚ್ಚಿ ಅಲ್ಲೇ ಕೂತರೆ ಇಳಿದು ಹೋಗಿ "ಅಣ್ಣಾ, ಜರಾ ಬಾಜೂಕ ಸರೀರಿ" ಎಂದು ಎಬ್ಬಿಸುವುದು. "ಮಂದಿ ಮಾರಿ ನೋಡಿ ನೋಡಿ ಸಾಕಾಗ್ಯದ," ಎನ್ನುತ್ತಾಳೆ. "ನೆಲಕ್ಕ ಗದ್ದ ಮ್ಯಾಲ ಮಾಡು ಅಂತ ಹೇಳೂದು ಬೇಕಾಗಿಲ್ಲ." ಮಗಳು ಫರ್ಹೀನಳ ಮದುವೆಯಾದ ಮೇಲೆ ಹೊತ್ತು ಹೋಗದೆ ಹತ್ತಿಸಿಕೊಂಡ ಚಟ ಇದು ಎಂದು ನೆರೆಯವರು ಅನ್ನುತ್ತಾರೆ. ಸುಳ್ಳು. ಬಿಡುವು ಸಿಕ್ಕದ್ದು ಒಂಬತ್ತು ವರ್ಷದ ಹಿಂದೆ ನಿಜ, ಚಟ ಹುಟ್ಟಿನಿಂದಲೇ ಇತ್ತು.

ಗಂಡ ನಬಿಸಾಬ್ ಸರ್ಕಾರಿ ಬಸ್ಸಿನ ಡ್ರೈವರನಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಕಲಬುರಗಿಯಿಂದ ಬೀದರಿಗೆ, ಬೀದರಿನಿಂದ ಕಲಬುರಗಿಗೆ, ನಡುವೆ ಕಮಲಾಪುರ, ಹುಮನಾಬಾದ. ಆ ರಸ್ತೆಯ ಒಂದೊಂದು ತಗ್ಗೂ ಆತನ ಸೊಂಟಕ್ಕೆ ಗೊತ್ತು. ತಗ್ಗು ಬಿಟ್ಟು ಬೇರೇನನ್ನೂ ಆತ ನೋಡಿರಲಿಲ್ಲ ಅನ್ನುವುದು ಬೇರೆ ಮಾತು. ಹಳೆಯ ಅಭ್ಯಾಸ ಹೋದೀತೇ? ಸ್ಕೂಟರನ್ನೂ ಆತ ಬಸ್‌ಸ್ಟಾಪಿನಲ್ಲಿ ಮಾತ್ರ ನಿಲ್ಲಿಸುತ್ತಾನೆ. ಫರೀದಾ ಹಿಂದಿನಿಂದ ಬೆನ್ನು ಬಡಿದು "ರುಕೋ ಜೀ, ರುಕೋ! ಅಲ್ಲಿ ಮೋಡ ನೋಡ್ರಿ" ಎಂದು ಕೂಗಿದರೆ, "ಸ್ಟಾಪ್ ಬರ್ಲಿ ತಡಿ" ಎಂದು ಒಂದೂವರೆ ಕಿಲೋಮೀಟರ್ ಮುಂದೆ ಹೋಗಿ ಇಳಿಸುತ್ತಾನೆ. ಆಕೆ ಕ್ಯಾಮೆರಾ ಹೊತ್ತುಕೊಂಡು ಅಷ್ಟೂ ದೂರ ಹಿಂದಕ್ಕೆ ನಡೆಯಬೇಕು. ಅಷ್ಟರಲ್ಲಿ ಮೋಡ ಬೀದರ್ ಸೇರಿರುತ್ತದೆ. ಮನೆಯಲ್ಲಿ ಇಬ್ಬರದೂ ದಖ್ಖನಿ, ಗಾಡಿಯ ಮೇಲಿನ ಜಗಳವೆಲ್ಲ ಕನ್ನಡದಲ್ಲಿ. ಮೂವತ್ತೊಂದು ವರ್ಷ ಕಂಡಕ್ಟರುಗಳ ಜೊತೆ ಬಡಿದಾಡಿ ನಬಿಸಾಬನ ಸ್ಟೇರಿಂಗಿನ ಭಾಷೆ ಕನ್ನಡವೇ ಆಗಿಬಿಟ್ಟಿದೆ.

ಹೊತ್ತಿನ ವಿಷಯದಲ್ಲಂತೂ ಆತ ಮಹಾ ಕಟ್ಟುನಿಟ್ಟು. ಒಂಬತ್ತೂ ಹತ್ತರ ಬಸ್ಸು ಒಂಬತ್ತೂ ಹತ್ತಕ್ಕೇ ಹೊರಡಬೇಕು. ಒಮ್ಮೆ ಸ್ವಂತ ಅತ್ತೆ, ಅಂದರೆ ಫರೀದಾಳ ಅಮ್ಮಿ, ಕೈ ಬೀಸುತ್ತಾ ಓಡಿ ಬರುತ್ತಿದ್ದದ್ದು ಕನ್ನಡಿಯಲ್ಲಿ ಕಂಡರೂ ಬಸ್ಸು ಬಿಟ್ಟುಕೊಂಡು ಹೋದವನು. ಆ ಮಾತು ಇವತ್ತಿಗೂ ಮನೆಯಲ್ಲಿ ಆರಿಲ್ಲ.

ಕಲಬುರಗಿಯಿಂದ ಹೊರಟರೆ ಬಹಳ ದೂರದ ತನಕ ಎರಡೂ ಬದಿ ಕರಿ ನೆಲ. ಕಮಲಾಪುರ ಇನ್ನೇನು ಬಂತು ಅನ್ನುವಾಗ ರಸ್ತೆ ಒಂದು ಕಡೆ ತಿರುಗುತ್ತದೆ, ಅಲ್ಲಿ ನೆಲ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಈಚೆ ಕರಿ ನೆಲದಲ್ಲಿ ಎದೆಮಟ್ಟದ ಜೋಳ, ಆಚೆ ಕೆಂಪು ದಿಬ್ಬ, ದಿಬ್ಬದ ನೆತ್ತಿಯಲ್ಲಿ ಕೆಂಪು ಬಾಳೆಯ ತೋಟ. ಡಿಸೆಂಬರಿನಲ್ಲಿ ಸೂರ್ಯ ಪಡುವಣದ ಎರಡು ಗುಡ್ಡಗಳ ಸಂದಿಗೆ ಇಳಿದಾಗ ಬಿಸಿಲು ಜೋಳದ ತುದಿಗಳನ್ನು ಸವರಿಕೊಂಡು ಹೋಗಿ ಆ ದಿಬ್ಬಕ್ಕೆ ಬಡಿಯುತ್ತದೆ. ಆಗ ನೆಲ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ. ನಾಲ್ಕೇ ನಿಮಿಷ, ಆಮೇಲೆ ಗುಡ್ಡದ ನೆರಳು. ಫೋಟೋ ಹಾಕಿ ಕೊಡುವ ಸಣ್ಣ ಲಕೋಟೆಗಳ ಬೆನ್ನಿನ ಮೇಲೆ ಫರೀದಾ ಒಂಬತ್ತು ಚಳಿಗಾಲದ ಲೆಕ್ಕ ಬರೆದಿಟ್ಟಿದ್ದಾಳೆ. ಡಿಸೆಂಬರ್ ಮೂರನೇ ವಾರ: ಐದು ಮೂವತ್ತೆರಡು.

ಈ ಸಲ ಆ ಮೂರನೇ ವಾರದ ಮಂಗಳವಾರ ವಿವೇಕಾನಂದರು ಲೈಸೆನ್ಸಿಗೆಂದು ಫೋಟೋ ತೆಗೆಸಲು ಬಂದರು. ನಂದೂರಿನಲ್ಲಿ ದಾಲ್ ಮಿಲ್ ಇಟ್ಟವರು. ಹೊಸ ವರ್ಷಕ್ಕೆ ಅವರ ಮಿಲ್ಲಿನ ಕ್ಯಾಲೆಂಡರ್ ಎರಡು ಸಾವಿರ ಗೋಡೆಗಳನ್ನು ಹತ್ತುತ್ತದೆ. ಅದರ ಮೇಲೆ ವರ್ಷವೂ ಒಂದೇ ಬಗೆಯ ಚಿತ್ರ: ಎಲ್ಲಿಯದೋ ಹಿಮದ ಬೆಟ್ಟ, ನೀಲಿ ಸರೋವರ, ದಂಡೆಯಲ್ಲಿ ಒಂದು ಮರದ ಮನೆ. ಡಾಂಬರು ಕರಗುವ ಬಿಸಿಲೂರಿನ ಜನ ಹಿಮ ನೋಡಿಕೊಂಡು ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಹಾಕುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಸ್ಟೂಲಿನ ಮೇಲೆ ಕೂತ ವಿವೇಕಾನಂದರ ಕಣ್ಣು ಗೋಡೆಗೆ ಅಂಟಿಸಿದ್ದ ಅಂಗೈಯಷ್ಟು ಫೋಟೋದ ಮೇಲೆ ಬಿತ್ತು.

"ಇದು ಯಾವ ದೇಶದ್ದರೀ, ಬಾಯಾರ?"

"ಕಮಲಾಪುರದ್ದರೀ."

"ಮಸ್ಕಿರಿ ಮಾಡಬ್ಯಾಡ್ರಿ. ವಾರಕ್ಕ ಎರಡು ಸರ್ತಿ ಆ ರಸ್ತಾದಾಗ ಅಡ್ಡಾಡ್ತೀನಿ. ನನಗ ಯಾಕ ಕಂಡಿಲ್ಲ?"

"ಕಾರಿನಾಗ ಎಸಿ ಹಚ್ಚಿ ಕಣ್ಣು ಮುಚ್ಚಿರ್ತೀರಿ. ಈಗ ಮುಚ್ಚಬ್ಯಾಡ್ರಿ, ಫೋಟೋ ಹೊಡೀತೀನಿ."

ಮಾತಿಗೆ ಮಾತು ಬೆಳೆದು ಕ್ಯಾಲೆಂಡರಿಗೆ ಬಂತು. ಹಿಮ ಸಾಕು, ನಮ್ಮ ನೆಲ ಹಾಕಿ ಎಂದು ಫರೀದಾ ಹಟ ಹಿಡಿದಳು. ಆದರೆ ಗೋಡೆಯ ಫೋಟೋ ಹಳೆಯ ಮೊಬೈಲಿನದು, ದೊಡ್ಡದು ಮಾಡಿದರೆ ಒಡೆಯುತ್ತದೆ. ದೊಡ್ಡ ಕ್ಯಾಮೆರಾ ಹೊತ್ತು ಹೋದಾಗಲೆಲ್ಲ ಒಂದೋ ಮೋಡ, ಇಲ್ಲವೇ ನಬಿಸಾಬನ ಸ್ಟಾಪು ಅಡ್ಡ ಬಂದಿತ್ತು. ಹೊಸದಾಗಿ ತೆಗೆಯಬೇಕು. ವಿವೇಕಾನಂದರು ಕೂದಲು ಸರಿ ಮಾಡಿಕೊಳ್ಳುತ್ತಾ ಹೇಳಿದರು: "ಶನಿವಾರ ಮುಂಜಾನೆ ಹತ್ತಕ್ಕ ಮಿಲ್ಲಿಗೆ ತಂದು ತೋರಸ್ರಿ. ಹನ್ನೊಂದಕ್ಕ ಪ್ರೆಸ್ಸಿನಾವ ಬರ್ತಾನ. ಮನಸಿಗೆ ಬಂದ್ರ ನಿಮ್ಮದು, ಇಲ್ಲಂದ್ರ ಹಿಮಾನೇ."

ಅವರು ಹೋದ ಮೇಲೆ ಫರೀದಾ ಬಹಳ ಹೊತ್ತು ಆ ಖಾಲಿ ಸ್ಟೂಲನ್ನೇ ನೋಡುತ್ತಾ ಕೂತಳು. ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಲಕ್ಷ ಫೋಟೋ ತೆಗೆದಿದ್ದಾಳೋ. ಎಲ್ಲವೂ ಅರ್ಜಿಗಳಿಗೆ ಅಂಟಿ, ಮುಖದ ಮೇಲೆ ಠಸ್ಸೆ ಹೊಡೆಸಿಕೊಂಡು, ಕಡತದ ಹೊಟ್ಟೆ ಸೇರಿದವು. ಜನ ತಾವಾಗಿ ಗೋಡೆಗೆ ತೂಗುಹಾಕಿ ದಿನಾ ನೋಡುವಂಥ ಒಂದೂ ಫೋಟೋ ಅವುಗಳಲ್ಲಿಲ್ಲ. ಒಂದೇ ಒಂದು ಬೇಕು ಅನ್ನಿಸಿತು. ಅದೂ ತನ್ನ ಕೈಯಿಂದ.

ನಡುವೆ ಇದ್ದದ್ದು ಒಂದು ಶುಕ್ರವಾರ, ಆ ಶುಕ್ರವಾರವೇ ಎಳ್ಳಮಾಸಿ.

ಎಳ್ಳಮಾಸಿ ಎಂದರೆ ಕಲಬುರಗಿ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣದ ದಿನ. ತೆನೆ ಹೊರಡುತ್ತಿರುವ ನೆಲ ಬಸುರಿ ಎಂದು ನಂಬಿ, ಅದಕ್ಕೆ ಉಣಿಸಿ, ಆಮೇಲೆ ಹೊಲದಲ್ಲೇ ಕೂತು ತಾವು ಉಣ್ಣುತ್ತಾರೆ. ಹೊಲ ಇಲ್ಲದವರು ಹೊಲ ಇದ್ದವರ ಜೊತೆ ಹೋಗುತ್ತಾರೆ. ಫರೀದಾಳ ಲೆಕ್ಕ ಸರಳವಾಗಿತ್ತು: ಮಧ್ಯಾಹ್ನ ಉಂಡ ಜನ ನಾಲ್ಕು ಗಂಟೆಗೆಲ್ಲ ಬುತ್ತಿ ಕಟ್ಟಿಕೊಂಡು ಮನೆ ಹಾದಿ ಹಿಡಿಯುತ್ತಾರೆ, ಐದೂವರೆಗೆ ಹೊಲ ಬರಿದು. ಜುಮ್ಮಾ ನಮಾಜು ಮುಗಿಸಿ ಬಂದ ನಬಿಸಾಬನನ್ನು ಎರಡೂವರೆಗೆ ಹೊರಡಿಸಿದಳು. ಗಂಟೆಯ ದಾರಿ, ಬೇಕಾದಷ್ಟು ಹೊತ್ತಿತ್ತು.

ಗಂಡ ಎಂಥ ಹೆಸರುವಾಸಿ ಎಂಬುದನ್ನು ಮಾತ್ರ ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರು ದಾಟಿ ಎಂಟು ಕಿಲೋಮೀಟರಿಗೆ "ಡ್ರೈವರ್ ಸಾಬ್ರ!" ಎಂಬ ಕೂಗು ಕೇಳಿತು. ನಬಿಸಾಬನ ಬಸ್ಸಿನಲ್ಲಿ ಹನ್ನೆರಡು ವರ್ಷ ಕಂಡಕ್ಟರನಾಗಿದ್ದ ರಾಮಣ್ಣ ರುಮಾಲು ಬೀಸುತ್ತಾ ಹೊಲದಿಂದ ಓಡಿ ಬಂದ. ಎಂದೂ ಸ್ಟಾಪು ಬಿಟ್ಟು ಎಲ್ಲೂ ನಿಲ್ಲಿಸದ ಗಾಡಿ ಆಗ ತಾನಾಗಿ ಹೊಲದ ಕಡೆ ತಿರುಗಿತು. ಸಜ್ಜಿ ರೊಟ್ಟಿ, ಸೊಪ್ಪು ಕಾಳು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಮೇಲೆ ಒಂದು ಚೊಂಬು ಅಂಬಲಿ. ಎಳ್ಳಮಾಸಿಯ ದಿನ ಹೊಲದ ಮುಂದೆ ಹಾದವರು ಉಣ್ಣದೆ ಹೋದರೆ ಹೊಲದವರಿಗೆ ಅವಮಾನ. ಅಲ್ಲಿಂದ ಎದ್ದು ಆರು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದೆ ಪಾಸು ತೋರಿಸಿ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ ಒಬ್ಬ ಸಿಕ್ಕ. ಈಗ ಅವನೇ ಇಬ್ಬರು ಮಕ್ಕಳ ತಂದೆ. ಮತ್ತೆ ಭಜ್ಜಿ. ಮೂರನೆಯ ಹೊಲದಲ್ಲಿ ಯಾರು ಕರೆದರೋ ನಬಿಸಾಬನಿಗೂ ಗೊತ್ತಿರಲಿಲ್ಲ.

"ಇನ್ನ ಯಾರರೇ ಕರದ್ರ ನಾ ಇಳದು ನಡಕೋತ ಹೋಗ್ತೀನಿ," ಎಂದಳು ಫರೀದಾ. ಸಿಟ್ಟು ಬಂದಿತ್ತು, ಹೊಟ್ಟೆ ತುಂಬಿದ್ದರಿಂದ ಪೂರ್ತಿ ಬರಲಿಲ್ಲ.

"ಕರದವರಿಗೆ ಬ್ಯಾಡ ಅಂತ ಹ್ಯಾಂಗ ಅನ್ನೂದು?" ಎಂದ ನಬಿಸಾಬ್, ಮೀಸೆಗೆ ಹತ್ತಿದ ಅಂಬಲಿ ಒರೆಸಿಕೊಳ್ಳುತ್ತಾ.

ತಿರುವಿಗೆ ಬಂದಾಗ ಐದೂ ಹತ್ತು. ರಸ್ತೆಯ ಸಣ್ಣ ಸೇತುವೆಯ ಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮೆರಾ ಕೂರಿಸಿ, ಒಳಗೆ ಕಣ್ಣಿಟ್ಟ ಫರೀದಾ "ಯಾ ಅಲ್ಲಾ" ಎಂದಳು. ಜೋಳದ ಹೊಲದ ಬದುವಿನಲ್ಲಿ, ಚೌಕಟ್ಟಿನ ನಟ್ಟನಡುವೆ, ಒಂದು ಟ್ರ್ಯಾಕ್ಟರ್ ನಿಂತಿತ್ತು. ಪಕ್ಕದಲ್ಲಿ ಬುಟ್ಟಿಗಳು, ಒಬ್ಬ ಗಂಡಸು, ಒಬ್ಬಳು ಮುದುಕಿ, ಇಬ್ಬರು ಮಕ್ಕಳು.

ಎಲ್ಲವನ್ನೂ ಹದ ಮಾಡಿಟ್ಟು ಆಕೆ ಗಂಡನಿಗೆ ಹೇಳಿದಳು: "ನಾ ಹೋಗಿ ಅವರಿಗೆ ಸರೀರಿ ಅಂತ ಹೇಳಿ ಬರ್ತೀನಿ. ಬರೂದು ತಡ ಆದ್ರ ಐದು ಮೂವತ್ತೆರಡಕ್ಕ ಈ ಗುಂಡಿ ಒಂದು ಸರ್ತಿ ಒತ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ನಬಿಸಾಬ್ ಕೈಗಡಿಯಾರ ನೋಡಿಕೊಂಡು ತಲೆಯಾಡಿಸಿದ.

ಹೊಲದ ಒಡೆಯ ಮೌನೇಶ ಒಳ್ಳೆಯ ಮನುಷ್ಯ. ಫೋಟೋಕ್ಕೆ ಟ್ರ್ಯಾಕ್ಟರ್ ಅಡ್ಡ ಎಂದು ಕೇಳಿದ್ದೇ ತಡ, ಅದನ್ನು ಬೇವಿನ ಮರದ ಹಿಂದಕ್ಕೆ ಒಯ್ದ. ಮುಂಜಾನೆಯೇ ಬರಬೇಕಾಗಿದ್ದವರು, ದಾರಿಯಲ್ಲಿ ಗಾಲಿ ಪಂಕ್ಚರ್ ಆಗಿ, ಹಬ್ಬದ ದಿನ ತಿದ್ದುವವರು ಸಿಕ್ಕದೆ, ಈಗ ಬಂದು ಮುಟ್ಟಿದ್ದರು. ಯಾರ ಹೊಟ್ಟೆಗೂ ಒಂದು ತುತ್ತು ಬಿದ್ದಿರಲಿಲ್ಲ. ನೆಲಕ್ಕೆ ಉಣಿಸದೆ ಅವರು ಉಣ್ಣುವಂತಿಲ್ಲ. ಹೊಲದ ಸುತ್ತ ಚರಗ ಚೆಲ್ಲಬೇಕು: ಮುಂದಿನವರು ಕಡಬು ಭಜ್ಜಿ ಕಲಸಿದ್ದನ್ನು ಬೆಳೆಯ ಮೇಲೆ ಚೆಲ್ಲುತ್ತಾ ಕೂಗಬೇಕು, ಹಿಂದಿನವರು ಕೊಡದ ನೀರು ಚಿಮುಕಿಸುತ್ತಾ ದನಿಗೂಡಿಸಬೇಕು. ಹಿಂದೆ ನಡೆಯಲು ಮಂದಿ ಇರಲಿಲ್ಲ. ಮೌನೇಶನ ತಾಯಿ ವಿಮಲಾಬಾಯಿ ಮಂಡಿ ಹಿಡಿದುಕೊಂಡು ಬದುವಿನ ಮೇಲೆ ಕೂತಿದ್ದಳು.

"ಸೊಸಿ ಬಾಣಂತನಕ್ಕ ತೌರಿಗೆ ಹೋಗ್ಯಾಳ. ನನ್ನ ಮೊಣಕಾಲು ಹಿಂಗ. ಹುಡುಗೂರಿಗೆ ಕೊಡ ಎತ್ತಾಕ ಆಗಂಗಿಲ್ಲ," ಎಂದು ಫರೀದಾಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀ ಗಟ್ಟಿಮುಟ್ಟ ಇದ್ದೀ. ಬಾ ಯವ್ವಾ, ಕೊಡ ಹಿಡಿ."

"ನಾ ಮುಸಲ್ಮಾನರಾಕಿ ಇದ್ದೀನ್ರೀ, ಅವ್ವಾ."

"ಹಸದ ಬಸುರಿ ಉಣಿಸಾಕ ಬಂದಾಕೀ ಜಾತಿ ಕೇಳ್ತಾಳೇನು? ಐದು ಮಿನಿಟಿನ ಕೆಲಸ. ಹುಡುಗೂರ ಮಾರಿ ನೋಡು."

ಫರೀದಾ ಗಡಿಯಾರ ನೋಡಿದಳು, ಐದು ಇಪ್ಪತ್ತಮೂರು. ಹುಡುಗರ ಮುಖವನ್ನೂ ನೋಡಿದಳು. ಮುಖ ನೋಡಬಾರದ ದಿನ ಅದು, ಆದರೂ ನೋಡಿದಳು. ತಾನೋ ಮೂರು ಹೊಲದ ಊಟ ಉಂಡು ತೇಗುತ್ತಾ ನಿಂತವಳು. ನಾಚಿಕೆಯಾಯಿತು. ಚಪ್ಪಲಿ ಬಿಟ್ಟು ಕೊಡ ಸೊಂಟಕ್ಕೇರಿಸಿದಳು.

ಐದು ಮಿನಿಟಿನ ಕೆಲಸ ಎಂದದ್ದು ರೈತರ ಐದು ಮಿನಿಟು. ಹೊಲ ನಾಲ್ಕು ಎಕರೆ. ಮೌನೇಶ ಗಂಟಲು ಬಿಚ್ಚಿ ಕೂಗುತ್ತಾ ಮುಂದೆ, ಫರೀದಾ ನೀರು ಚಿಮುಕಿಸುತ್ತಾ ಹಿಂದೆ, ಹಸಿದ ಮಕ್ಕಳು ಕುಣಿಯುತ್ತಾ ಆಕೆಯ ಹಿಂದೆ. ಮೊದಮೊದಲು ಆಕೆಯ ದನಿ ಏಳಲಿಲ್ಲ. ಬದುವಿನಿಂದ ವಿಮಲಾಬಾಯಿ "ಜೋರು ಒದರವ್ವಾ, ನೆಲಕ್ಕ ಕೇಳಬೇಕು!" ಎಂದು ಗದರಿದಳು. ಎರಡನೇ ಬದು ತಿರುಗುವಷ್ಟರಲ್ಲಿ ಫರೀದಾ ಊರಿಗೇ ಕೇಳುವಂತೆ ಒದರುತ್ತಿದ್ದಳು. ನಡುಗಡೆ ಒಮ್ಮೆ ನೀರು ಚೆಲ್ಲಲು ಕೈ ಎತ್ತಿದಾಗ ಕೈಯೆಲ್ಲ ಬಂಗಾರದ ಬಣ್ಣವಾಗಿತ್ತು. ಚಿಮುಕಿಸಿದ ನೀರಿನ ಒಂದೊಂದು ಹನಿಯೂ ಹೊತ್ತಿಕೊಂಡು ಬಿತ್ತು. ಜೋಳದ ತುದಿಗಳು, ಮೌನೇಶನ ರುಮಾಲು, ಹುಡುಗರ ಕಿವಿ, ಎದುರಿನ ಕೆಂಪು ದಿಬ್ಬ, ಎಲ್ಲಕ್ಕೂ ಅದೇ ಬಿಸಿಲು. ಒಂಬತ್ತು ವರ್ಷ ಸೇತುವೆಯ ಮೇಲೆ ನಿಂತು ನೋಡಿದ ಬಿಸಿಲಿನ ಒಳಗೆ ಆಕೆ ಈಗ ನಿಂತಿದ್ದಳು. ಕೆನ್ನೆ ಬೆಚ್ಚಗಾಗುತ್ತಿತ್ತು. ಖುಷಿಗೆ ಇನ್ನೂ ಜೋರಾಗಿ ಒದರಿದಳು. ಕ್ಯಾಮೆರಾ ನೆನಪಾದದ್ದು ಸುತ್ತು ಮುಗಿದು ಕೊಡ ಕೆಳಗಿಟ್ಟಾಗ.

ಓಡಿದಳು. ಐವತ್ತು ದಾಟಿದ ಹೆಂಗಸು ಬರಿಗಾಲಲ್ಲಿ ಬದು ಹತ್ತಿ ಸೇತುವೆ ಮುಟ್ಟುವಷ್ಟರಲ್ಲಿ ದಿಬ್ಬದ ಮೇಲೆ ಗುಡ್ಡದ ನೆರಳು ಮಲಗಿತ್ತು. ಐದು ನಲವತ್ತು.

"ಒತ್ತಿದ್ರೇನು?" ಎಂದಳು ಏದುಸಿರಿನಲ್ಲಿ.

"ಒತ್ತೀನಿ. ಐದು ಮೂವತ್ತೆರಡಕ್ಕ. ಒಂದು ಸೆಕೆಂಡು ಹಿಂದಿಲ್ಲ, ಮುಂದಿಲ್ಲ."

"ನಾವು ಹೊಲದಾಗ ಇದ್ವಲ್ಲರೀ!"

"ಇದ್ರಿ. ಟೈಮ್ ಆಗಿತ್ತು."

"ಜರಾ ತಡದು ಇನ್ನೊಂದು ಒತ್ತಬೇಕಿಲ್ಲೇನು?"

"ಒಂದು ಸರ್ತಿ ಅಂದಿ. ಬ್ಯಾರೆ ಏನೂ ಮುಟ್ಟಬ್ಯಾಡ ಅಂದಿ," ಎಂದ ನಬಿಸಾಬ್. ಡ್ಯೂಟಿ ಸರಿಯಾಗಿ ಮಾಡಿದವನ ನೆಮ್ಮದಿ ಆತನ ಮುಖದಲ್ಲಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫರೀದಾ ಮಂಕು ಬೆಳಕಿನಲ್ಲೇ, ಯಾರೂ ಇಲ್ಲದ ಹೊಲದ ಒಂದು ಫೋಟೋ ತೆಗೆದುಕೊಂಡಳು, ಕಣ್ಣು ಒರೆಸಿಕೊಳ್ಳುತ್ತಾ. ಅಷ್ಟರಲ್ಲಿ ಹುಡುಗರು ಊಟಕ್ಕೆ ಕರೆಯಲು ಬಂದವರು ಕ್ಯಾಮೆರಾದ ಬೆನ್ನಿಗೆ ಮೂಗು ಹಚ್ಚಿ, ನಬಿಸಾಬ್ ಒತ್ತಿದ್ದನ್ನು ಕಂಡು ಕಿರುಚಿದರು. ಫರೀದಾಳೂ ಬಗ್ಗಿ ನೋಡಿದಳು. ನೋಡಿ ಕ್ಯಾಮೆರಾ ಮುಚ್ಚಿಟ್ಟಳು.

ಮರುದಿನ ಹತ್ತಕ್ಕೆ ಮಿಲ್ಲಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗಲೂ ಆಕೆ ಆ ಫೋಟೋ ತೋರಿಸಬೇಕೆಂದುಕೊಂಡಿರಲಿಲ್ಲ. ಅದು ತನ್ನ ಕೈಯದಲ್ಲ. ಮೇಲಾಗಿ ಅದರಲ್ಲಿ ಮಂದಿ, ಮಂದಿಯ ನಡುವೆ ತಾನು. ತೋರಿಸಿದ್ದು ತಾನೇ ತೆಗೆದ ಖಾಲಿ ಹೊಲ.

"ಚೊಲೋ ಅದ," ಎಂದರು ವಿವೇಕಾನಂದರು. ದಾಕ್ಷಿಣ್ಯಕ್ಕೆ ಅಂದ ಮಾತು, ಕಿವುಡರಿಗೂ ಗೊತ್ತಾಗುವಂತಿತ್ತು. ಅವರ ಕೈ ಮೇಜಿನ ಮೇಲಿದ್ದ ಹಿಮದ ಬೆಟ್ಟದ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಿತು. "ಮುಂದಿನ ವರ್ಷ ನೋಡೂಣು, ಬಾಯಾರ."

ಸುಮ್ಮನಿದ್ದರೆ ತನ್ನ ಕೈಯದೇ ಇರಬೇಕೆಂಬ ಹಟ ಉಳಿಯುತ್ತದೆ, ಕ್ಯಾಲೆಂಡರಿನಿಂದ ನೆಲ ಹೋಗುತ್ತದೆ. ಇನ್ನೊಂದನ್ನು ತೋರಿಸಿದರೆ ನೆಲ ಉಳಿಯಬಹುದು, ಗೋಡೆ ಹತ್ತುವುದು ಬೇರೆಯವರ ಕೈ. ಬೆನ್ನ ಹಿಂದೆ ಬಾಗಿಲಲ್ಲಿ ನಬಿಸಾಬ್ ಹೆಲ್ಮೆಟ್ ಹಿಡಿದು ಕೈಗಡಿಯಾರ ನೋಡುತ್ತಾ ನಿಂತಿದ್ದ. ಆತ ಏನಾದರೂ ಅಂದಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

"ಒಂದು ಮಿನಿಟು ತಡೀರಿ," ಎಂದು ಎರಡನೆಯದನ್ನು ತೆರೆದಳು.

ವಿವೇಕಾನಂದರು ಕುರ್ಚಿಯಿಂದ ಎದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, "ಬರ್ರೋ ಇಲ್ಲಿ, ಮಷೀನ್ ಬಂದ್ ಮಾಡಿ ಬರ್ರಿ" ಎಂದು ಕೂಗಿದರು. ಬೇಳೆಯ ಧೂಳು ಮೆತ್ತಿದ ಆಳುಗಳು ಒಬ್ಬೊಬ್ಬರಾಗಿ ಬಂದು ನಿಂತು ನೋಡಿದರು. ಹೊಳೆಯುವ ಜೋಳ, ಚರಗದ ಕೈ ಎತ್ತಿದ ಗಂಡಸು, ಹಿಂದೆ ಕೊಡ ಸೊಂಟಕ್ಕಿಟ್ಟು ಬಾಯ್ತುಂಬ ಕೂಗುತ್ತಿರುವ ಹೆಂಗಸು, ಆಕೆಯ ಕೈಯಿಂದ ಹಾರಿ ನಿಂತ ಬೆಳಕಿನ ಹನಿಗಳು, ಹಿಂದೆ ಉರಿಯುವ ಕೆಂಪು ದಿಬ್ಬ. "ನಮ್ಮ ಕಡೀದೇ ಅದರೀ ಇದು," ಎಂದ ಒಬ್ಬ ಮೆಲ್ಲಗೆ.

"ತೆಗದವರ ಹೆಸರು ಏನ್ ಹಾಕ್ಲಿ?" ಎಂದರು ವಿವೇಕಾನಂದರು.

"ನಬಿಸಾಬ್. ಡ್ರೈವರ್," ಎಂದಳು ಫರೀದಾ. ಹೇಳಿದ ಮೇಲೆ ಅಂದುಕೊಂಡಷ್ಟು ನೋಯಲಿಲ್ಲ.

"ಛೇ ಛೇ, ಬರಕೋಬ್ಯಾಡ್ರಿ!" ಎಂದು ನಬಿಸಾಬ್ ಒಳಗೆ ನುಗ್ಗಿದ. "ರೂಟ್ ಆಕೀದು, ಟೈಮ್ ಆಕೀದು. ನಾ ಬರೇ ಸ್ಟೇರಿಂಗ್ ಹಿಡದೀನ್ರೀ."

ಗಂಡ ಹೆಂಡತಿ ಅಲ್ಲೇ ಜಗಳಕ್ಕೆ ನಿಂತರು, ಅದೂ ಕನ್ನಡದಲ್ಲಿ. ಪ್ರೆಸ್ಸಿನವನು ಬಂದು ಕಾಯತೊಡಗಿದ ಮೇಲೆ ವಿವೇಕಾನಂದರು ಬೇಸತ್ತು ಎರಡೂ ಹೆಸರು ಬರೆದು ಕೊಟ್ಟರು. ಮೊದಲ ಪ್ರತಿ ಮೌನೇಶನ ಮನೆಗೆ ಹೋಯಿತು; ಅವನ ಒಪ್ಪಿಗೆ ಕೇಳಲು ಫೋನ್ ಮಾಡಿದಾಗ ಹಿಂದಿನಿಂದ ವಿಮಲಾಬಾಯಿ ತಾನು ಯಾಕೆ ಫೋಟೋದಲ್ಲಿಲ್ಲ ಎಂದು ಜಗಳ ತೆಗೆದಿದ್ದಳು.

ಜನವರಿ ಕಡೆಯ ಶುಕ್ರವಾರ ಇಬ್ಬರೂ ಮತ್ತೆ ಆ ಹಾದಿಯಲ್ಲಿ ಹೊರಟರು. ಅಷ್ಟು ಹೊತ್ತಿಗೆ ಕ್ಯಾಲೆಂಡರ್ ಕಿರಾಣಿ ಅಂಗಡಿ, ಕ್ಷೌರದಂಗಡಿ, ದವಾಖಾನೆ ಎಲ್ಲ ಕಡೆ ಹತ್ತಿ ಕೂತಿತ್ತು. ತಿರುವಿಗೆ ಬಂದರೆ ಸೇತುವೆಯ ಮೇಲೆ ನಾಲ್ಕು ಕಾರು, ಹತ್ತು ಹನ್ನೆರಡು ಬೈಕು. ಜನ ಮೊಬೈಲ್ ಎತ್ತಿಕೊಂಡು ದಿಬ್ಬದ ಕಡೆ ಮುಖ ಮಾಡಿ ಬಿಸಿಲು ಕಾಯುತ್ತಿದ್ದರು. ಸ್ಟ್ಯಾಂಡ್ ಊರಲು ಒಂದು ಗೇಣು ಜಾಗ ಇರಲಿಲ್ಲ. ಫರೀದಾಳಿಗೆ ಹೊಟ್ಟೆಯೂ ಉರಿಯಿತು, ಹೊಟ್ಟೆ ತುಂಬ ನಗುವೂ ಬಂತು. ನಬಿಸಾಬ್ ಗಾಡಿ ನಿಲ್ಲಿಸಿ, "ಇದು ಸ್ಟಾಪ್ ಆಗಿಬಿಟ್ಟದಲ್ಲ" ಎಂದ.

ಕಾಲೇಜಿಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ ಮೊಬೈಲಿನಲ್ಲಿದ್ದ ಕ್ಯಾಲೆಂಡರಿನ ಚಿತ್ರವನ್ನೂ ಎದುರಿನ ಹೊಲವನ್ನೂ ಹೊಂದಿಸಿ ನೋಡುತ್ತಾ, ಏನೋ ಕಡಿಮೆಯಾಯಿತು ಎಂಬಂತೆ ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ಸುತ್ತಲೂ ಕಣ್ಣಾಡಿಸಿ ನೇರ ಫರೀದಾಳ ಹತ್ತಿರ ಬಂದಳು.

"ಆಂಟೀ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಹೊಲದಾಗ ಒಂದೀಟು ನಿಂದ್ರ್ತೀರೇನ್ರೀ? ಕ್ಯಾಲೆಂಡರದಾಗ ಒಬ್ಬರು ಬಾಯಿ ನಿಂತಾರ, ಥೇಟ್ ನಿಮ್ಮಂಗನ ಅದಾರ. ಯಾರರೇ ನಿಂತ್ರೇನೇ ಚಂದ ಕಾಣ್ತದ."

ನಬಿಸಾಬ್ ಬಾಯಿ ತೆರೆದ. ಫರೀದಾ ಕಣ್ಣಲ್ಲೇ ಗದರಿ ಮುಚ್ಚಿಸಿದಳು.

"ಎಲ್ಲಿ ನಿಂದ್ರಲವ್ವಾ, ತೋರಸು," ಎಂದು ಸೀರೆಯ ನೆರಿಗೆ ಎತ್ತಿ ಹಿಡಿದು ಹೊಲಕ್ಕೆ ಇಳಿದಳು. ಹುಡುಗಿ ಮೇಲಿನಿಂದ ಎಡಕ್ಕೆ ಸರೀರಿ, ಇನ್ನಷ್ಟು, ಹಾಂ ಅಲ್ಲೇ, ಎಂದು ಕೂಗುತ್ತಿದ್ದಳು. ಜನವರಿಯಲ್ಲಿ ಬಿಸಿಲು ಬರುವುದು ಕಾಲು ಗಂಟೆ ತಡ ಎಂದು ಫರೀದಾಳಿಗೆ ಗೊತ್ತಿತ್ತು. ಹೇಳಲಿಲ್ಲ. ಜೋಳದ ನಡುವೆ ಮುಖವನ್ನು ಸೂರ್ಯನ ಕಡೆ ಎತ್ತಿ, ಹಲ್ಲೆಲ್ಲ ಕಾಣುವಂತೆ ನಿಂತುಕೊಂಡಳು.